ಹಿತ್ತಲ ಕೋಳಿಗೂಡು: ಒಂದು ಸಂದರ್ಶನದ ವರದಿ

ಬೆಂಗಳೂರಿನ ತ್ಯಾಗರಾಜನಗರದ ಹಳೆಯ ಮನೆಯೊಂದರ ಹಿತ್ತಲಲ್ಲಿ, ತೆಂಗಿನಮರಕ್ಕೂ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ ಇರುವ ಕೋಳಿಗೂಡಿಗೆ ಎರಡು ಭಾಗ. ಒಂದು, ಕೋಳಿಗಳು ರಾತ್ರಿ ಕೂರುವ ಮರದ ಪೆಟ್ಟಿಗೆ. ಇನ್ನೊಂದು, ಹಗಲಿಡೀ ಕೆದಕಿಕೊಂಡು ತಿರುಗಾಡುವ ಜಾಲರಿ ಆವರಣ. ಹಲಗೆ ಸೆಂಟ್ರಿಂಗ್ ಕೆಲಸದಲ್ಲಿ ಉಳಿದದ್ದು, ಬಾಗಿಲು ಗುಜರಿ ಅಂಗಡಿಯ ಕಿಟಕಿ, ಮಾಡು ತಗಡಿನ ಶೀಟು. ಸಂದರ್ಶನಕ್ಕೆ ಗೂಡು ಒಂದೇ ಷರತ್ತು ಹಾಕಿತ್ತು: ಚಿಕನ್ ರೈಸ್ ವಿಷಯ ಎತ್ತಬಾರದು. ಷರತ್ತನ್ನು ಮುರಿದದ್ದೂ ಅದೇ.

ಮೊದಲ ಪ್ರಶ್ನೆ ಜಾಗದ್ದು. ಒಂದು ಕೋಳಿಗೆ ಪೆಟ್ಟಿಗೆಯೊಳಗೆ 3ರಿಂದ 4 ಚದರಡಿ, ಹೊರಗಿನ ಆವರಣದಲ್ಲಿ 8ರಿಂದ 10 ಚದರಡಿ ಇರಬೇಕು ಎಂದು ಗೂಡು ಉತ್ತರಿಸಿತು. ನಾಲ್ಕು ಕೋಳಿ ಸಾಕುವವರಿಗೆ ಹಿತ್ತಲಲ್ಲಿ ಒಂದು ಕಾರು ನಿಲ್ಲುವಷ್ಟೂ ಜಾಗ ಬೇಕಾಗುವುದಿಲ್ಲ. ಕಾರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸಂದರ್ಶಕರು ತಮ್ಮ ಎಂದಿನ ವಿಷಯಕ್ಕೆ ಹಾರಿದರು. ಮನೆ ಸುತ್ತಲ ಅಂಗಳಕ್ಕೆಲ್ಲ ಟೈಲ್ಸ್ ಹಾಸಿದರೆ ಮಳೆನೀರು ಇಂಗುವುದೆಲ್ಲಿ? 2009ರಲ್ಲೇ 60x40ರ ಹಳೆಯ ಮನೆಗಳಿಗೂ 30x40ರ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಯಿತಲ್ಲ, 2024ರ ಮಾರ್ಚಿನಲ್ಲಿ ಟ್ಯಾಂಕರಿಗೆ ಕೈಮುಗಿದು ನಿಂತವರು ಯಾರು? ಗೂಡು ಬಹಳ ಹೊತ್ತು ಕೇಳಿಸಿಕೊಂಡು, “ಸ್ವಾಮಿ, ಇದು ನಿಮ್ಮ ಸಂದರ್ಶನವೋ, ನಂದೋ?” ಎಂದಿತು.

ಆದರೂ ಮಣ್ಣಿನ ವಿಷಯದಲ್ಲಿ ಇಬ್ಬರದೂ ಒಂದೇ ಮಾತು. ಕೋಳಿ ನೀರಿನಲ್ಲಿ ಮೀಯುವ ಪ್ರಾಣಿಯಲ್ಲ. ಒಣಮಣ್ಣಿನಲ್ಲಿ ಹೊರಳಿ, ರೆಕ್ಕೆಯ ಬುಡದವರೆಗೆ ಧೂಳು ಎರಚಿಕೊಂಡು ಹೇನು ಉದುರಿಸಿಕೊಳ್ಳುತ್ತದೆ. ಆ ಮಣ್ಣಿಗೆ ಒಂದಿಷ್ಟು ಒಲೆಬೂದಿ ಬೆರೆಸಿದರೆ ಇನ್ನೂ ಒಳ್ಳೆಯದು. ಸಿಮೆಂಟು ನೆಲದಲ್ಲಿ ಈ ಸ್ನಾನವೂ ಇಲ್ಲ, ಕೆದಕಲು ಹುಳುವೂ ಇಲ್ಲ.

ಮುಂದಿನದು ಜಾಲರಿ. ಕೋಳಿ ಮೆಶ್ ಎಂದು ಮಾರುವ ಆರು ಮೂಲೆಯ ಕಣ್ಣಿನ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಶತ್ರುವನ್ನು ಹೊರಗಿಡುವುದಿಲ್ಲ. ಹೆಗ್ಗಣ ಅದನ್ನು ಕಡಿಯುತ್ತದೆ, ನಾಯಿ ಹರಿಯುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಬೇಕು. ಅದನ್ನು ಒಂದಡಿ ಆಳಕ್ಕೆ ಹೂಳಬೇಕು, ಇಲ್ಲವೇ ಬುಡದಲ್ಲಿ ಹೊರಮುಖವಾಗಿ ಮಡಚಿ ನೆಲಕ್ಕೆ ಹಾಸಿ ಮೇಲೆ ಮಣ್ಣು ಮುಚ್ಚಬೇಕು. ತೋಡುವ ಪ್ರಾಣಿ ಗೋಡೆಯ ಬುಡದಲ್ಲೇ ತೋಡುತ್ತದೆ. ಹಿಂದೆ ಸರಿದು ತೋಡುವ ಉಪಾಯ ಅದಕ್ಕೆ ಹೊಳೆಯುವುದಿಲ್ಲ. ಹದ್ದು, ಬೆಕ್ಕು ಇರುವ ಊರಿನಲ್ಲಿ ಆವರಣದ ನೆತ್ತಿಗೂ ಜಾಲರಿ ಬೇಕು.

ಮುಂಗುಸಿ, ಕೇರೆಹಾವು, ಬೆಕ್ಕು, ಹೆಗ್ಗಣ, ಈ ನಾಲ್ಕರಲ್ಲಿ ಹೆಚ್ಚು ಕಾಟ ಯಾರದು ಎಂಬ ಪ್ರಶ್ನೆಗೆ ಗೂಡು ಉತ್ತರಿಸಲೇ ಇಲ್ಲ. “ನಾಯಿಗೆ ನೂರೈವತ್ತು ಗ್ರಾಂ ಕೋಳಿಯಂತೆ, ಕೇಳಿದ್ರಾ?” ಎಂದು ಶುರುಮಾಡಿತು. 2025ರ ಜುಲೈನಲ್ಲಿ ಆಗಿನ ಬಿಬಿಎಂಪಿ ಸುಮಾರು 5,000 ಬೀದಿನಾಯಿಗಳಿಗೆ ಊಟ ಹಾಕಲು ಹೊರಡಿಸಿದ 2.88 ಕೋಟಿ ರೂಪಾಯಿಯ ಟೆಂಡರ್ ಅದಕ್ಕೆ ಬಾಯಿಪಾಠ. ಊಟಕ್ಕೆ 22 ರೂಪಾಯಿ 42 ಪೈಸೆ, 150 ಗ್ರಾಂ ಕೋಳಿ, 100 ಗ್ರಾಂ ಅನ್ನ, ತರಕಾರಿ ಬೇರೆ. ಒಂದು ಹೊತ್ತಿಗೆ 750 ಕಿಲೋ ಕೋಳಿ ಎಂದು ಗುಣಿಸಿಯೂ ತೋರಿಸಿತು. 2023ರ ಗಣತಿಯಲ್ಲಿ ಸಿಕ್ಕ ನಾಯಿಗಳು 2.79 ಲಕ್ಷ. “ಐದು ಸಾವಿರಕ್ಕೆ ಎಲೆ ಹಾಕ್ತೀರಿ ಸರಿ. ಮಿಕ್ಕ ಎರಡು ಮುಕ್ಕಾಲು ಲಕ್ಷ ಹಸಿದು ನೋಡೋದು ಯಾರನ್ನ? ನನ್ನನ್ನ. ರುಚಿ ಹತ್ತಿಸೋರು ನೀವು, ಚಿಲಕ ಕಾಯೋನು ನಾನು!” ಹೆಗ್ಗಣದ ಪ್ರಶ್ನೆಯನ್ನು ಎರಡು ಸಲ ನೆನಪಿಸಿದರೂ ಅದು ಟೆಂಡರಿನ ಅರಿಸಿನ, ಉಪ್ಪಿನವರೆಗೆ ಇಳಿಯಿತು. ಬಾಗಿಲಿಗೆ ಎರಡು ಚಿಲಕ ಬೇಕು, ಒಂದು ನಾಯಿಯ ಮೂತಿಗೆ ಎಟುಕದ ಎತ್ತರದಲ್ಲಿರಬೇಕು ಎಂಬ ಉಪಯುಕ್ತ ಮಾತು ಬಂದದ್ದೂ ಈ ರಂಪದ ನಡುವೆಯೇ.

ಪೆಟ್ಟಿಗೆಯ ಒಳಗಿನದು ಸಣ್ಣ ವಿಷಯ. ಗಾಳಿಕಿಂಡಿ ಸೂರಿನಡಿ ಇರಬೇಕು, ಕೋಳಿಯ ಮೈಗೆ ನೇರ ಬೀಸಬಾರದು. ಕೂರಲು ಎರಡು ಇಂಚು ಅಗಲದ ಪಟ್ಟಿ, ತಲೆಗೆ ಎಂಟರಿಂದ ಹತ್ತು ಇಂಚು. ನಾಲ್ಕು ಹೇಂಟೆಗೆ ಒಂದು ಮೊಟ್ಟೆ ಗೂಡು ಸಾಕು. ನೆಲಕ್ಕೆ ಮೂರು ನಾಲ್ಕು ಇಂಚು ಭತ್ತದ ಹೊಟ್ಟು; ಆಗಾಗ ಮೇಲೆಕೆಳಗೆ ಮಾಡುತ್ತಿದ್ದರೆ ವಾಸನೆ ಏಳುವುದಿಲ್ಲ.

ಈ ಗೂಡನ್ನು ಕಟ್ಟಿದ್ದು ಯಾರಿಗಾಗಿ ಎಂದು ಕೇಳಿದಾಗ ಅದು ತಮಾಷೆ ಬಿಟ್ಟಿತು. ಮನೆಯ ಮಗು ಬೀದಿ ಬದಿಯಲ್ಲಿ ಆರಿಸಿ ತಂದ ಗುಲಾಬಿ, ಹಸಿರು, ನೇರಳೆ ಬಣ್ಣದ ಮರಿಗಳಿಗಾಗಿ. ಮೊಟ್ಟೆ ಕೋಳಿಯ ಹ್ಯಾಚರಿಗಳಲ್ಲಿ ಹುಟ್ಟುವ ಮರಿಗಳಲ್ಲಿ ಅರ್ಧ ಗಂಡು. ಅವು ಮೊಟ್ಟೆ ಇಡುವುದಿಲ್ಲ, ಮಾಂಸದ ತಳಿಯ ಹಾಗೆ ಬೇಗ ತೂಕಕ್ಕೂ ಬರುವುದಿಲ್ಲ. ಆದ್ದರಿಂದ ಹುಟ್ಟಿದ ದಿನವೇ ಕಸ. ಕೊಲ್ಲದೆ ಉಳಿಸಿದವನ್ನು ಬಣ್ಣದಲ್ಲಿ ಅದ್ದಿ, ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ, ಜಾತ್ರೆಯಲ್ಲೂ ಶಾಲೆಯ ಗೇಟಿನಲ್ಲೂ ಆಟಿಕೆಯಂತೆ ಮಾರುತ್ತಾರೆ. ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಕಾವು ಬೇಕು. ಬೂಟಿನ ಡಬ್ಬಿಯಲ್ಲಿ ಅದು ಎಲ್ಲಿಂದ ಬರಬೇಕು? ಚಳಿಗೆ ಒಂದರ ಮೇಲೊಂದು ಬಿದ್ದು ಸಾಯುತ್ತವೆ. ಮಗುವಿಗೆ ‘ಹಾರಿಹೋಯಿತು’ ಎನ್ನುತ್ತಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಬಣ್ಣದ ಡಬ್ಬಿಗೆ ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಇದನ್ನು ಕೊಳ್ಳುವ ದೊಡ್ಡವರಿಗೆ ನಾಚಿಕೆಯಾಗಬೇಕು. ಸಾಕಲೇಬೇಕೆಂದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೇ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ತಳಿಗಳಿವೆ. ಪುಕ್ಕ ಬಲಿತ ಮರಿ ತರಬಹುದು.

ಬದುಕುಳಿದ ಒಂದೇ ಮರಿ ಹುಂಜವಾಯಿತು. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದಿನ ಮಿತಿ 45 ಡೆಸಿಬೆಲ್. ಹುಂಜದ ಸೇವೆ ನಾಲ್ಕೂವರೆಗೇ ಆರಂಭ. ಬೀದಿದೀಪ ಆರಿಸಿದರೂ ಪ್ರಯೋಜನವಿಲ್ಲ. ಹುಂಜ ಕೂಗುವುದು ಬೆಳಕು ಕಂಡು ಮಾತ್ರವಲ್ಲ, ಒಳಗಡಿಯಾರದ ಲೆಕ್ಕದಲ್ಲಿ ಎಂದು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲೇ ತೋರಿಸಿದ್ದಾರೆ. ಮಡಿವಂತ ಬೀದಿಯಿಂದ ದೂರು ಬಂತು. ಹುಂಜ ಇಲ್ಲದೆಯೂ ಮೊಟ್ಟೆ ಬರುತ್ತದೆ, ಆದ್ದರಿಂದ ಹುಂಜವನ್ನು ಕಳುಹಿಸಿ ಹೇಂಟೆಗಳನ್ನು ತಂದರು. ಈಗ ದೂರು ಕೊಟ್ಟ ಮನೆಯವರೇ ಸಂಜೆ ಹಿಂಬಾಗಿಲಿಗೆ ಬಂದು, “ನಮ್ಮ ನಾಯಿಗೆ” ಎಂದು ಮೊಟ್ಟೆ ಒಯ್ಯುತ್ತಾರೆ. ಆ ಮನೆಯಲ್ಲಿ ನಾಯಿ ಇಲ್ಲ.

ಇನ್ನು ರೋಗ. ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲೇ ಲಸಿಕೆ ಹಾಕಿಸಬೇಕು. ಹಕ್ಕಿಜ್ವರ ಬೆಂಗಳೂರಿಗೆ ಹೊಸದಲ್ಲ: 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಕುಕ್ಕುಟ ಸಂಸ್ಥೆಯ ಟರ್ಕಿಗಳಲ್ಲಿ, 2018ರ ಜನವರಿಯಲ್ಲಿ ದಾಸರಹಳ್ಳಿಯಲ್ಲಿ ಕಾಣಿಸಿಕೊಂಡಿತ್ತು. ಕಾಡುಹಕ್ಕಿಗಳು ಮೇವು ನೀರಿನ ಪಾತ್ರೆ ಮುಟ್ಟದಂತೆ ಇಡುವುದೇ ಹಿತ್ತಲಿನವರ ಕೈಯಲ್ಲಿರುವ ಕೆಲಸ. ಒಟ್ಟಿಗೆ ಕೋಳಿಗಳು ಸತ್ತರೆ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಬೇಕು. ಪಾಲಿಕೆಗೂ ತಿಳಿಸಬೇಕೇ ಎಂದು ಕೇಳಿದ್ದಕ್ಕೆ, “2025ರ ಸೆಪ್ಟೆಂಬರಿನಿಂದ ಐದು ಪಾಲಿಕೆ ಆಗಿವೆ ಸ್ವಾಮಿ, ನಂದು ಯಾವುದು ಅಂತ ನೀವೇ ವಿಚಾರಿಸಿ ಹೇಳಿ” ಎಂದಿತು.

ಕೊನೆಯ ಪ್ರಶ್ನೆಯನ್ನು ಸಂದರ್ಶಕರು ಇಂಗುಗುಂಡಿಗೇ ಮೀಸಲಿಟ್ಟಿದ್ದರು: ಗೂಡಿನ ತಗಡಿನ ನೀರನ್ನೂ ಅದಕ್ಕೇ ಬಿಡಬಾರದೇಕೆ? ಹಕ್ಕಿಯ ಹಿಕ್ಕೆ ತೊಳೆದು ಬಂದ ನೀರು ಬಾವಿಗೆ ಇಳಿಯಬಾರದು, ಬಾಳೆಯ ಬುಡಕ್ಕೆ ಬಿಡಿ ಎಂದು ಗೂಡು ಹೇಳಿತು.