ಎಡಗೈಗೆ ವಿಆರ್‌ಎಸ್

ನಮ್ಮಲ್ಲಿ ಎಡಗೈಗೆ ಮರ್ಯಾದೆ ಕಡಿಮೆ. ತೀರ್ಥಕ್ಕೆ ಅದು ಆಗಬರುವುದಿಲ್ಲ, ಪ್ರಸಾದಕ್ಕೆ ಆಗಬರುವುದಿಲ್ಲ. ಬೆಳಿಗ್ಗೆ ಬೋಣಿ ಹೊತ್ತಿನಲ್ಲಿ ಎಡಗೈಯಿಂದ ದುಡ್ಡು ಕೊಟ್ಟು ನೋಡಿ, ಅಂಗಡಿಯವನ ಮುಖ ಹುಳ್ಳಗಾಗುತ್ತದೆ. ಮದುವೆಮನೆ ಪಂಕ್ತಿಯಲ್ಲಿ ಬಲಗೈ ಹೋಳಿಗೆ ಮುರಿಯುತ್ತಿದ್ದರೆ ಎಡಗೈ ತೊಡೆಯ ಮೇಲೆ ತೆಪ್ಪಗೆ ಕೂತಿರಬೇಕು. ಇಂಥ ಎಡಗೈಗೆ ಜೀವಮಾನದಲ್ಲಿ ಸಿಕ್ಕ ಒಂದೇ ಒಂದು ಗೌರವದ ಹುದ್ದೆ ಎಂದರೆ ಮೋಟರ್‌ಸೈಕಲ್ಲಿನ ಕ್ಲಚ್ಚು.

ಬಲಗೈಯದು ದರ್ಬಾರಿನ ಕೆಲಸ. ತಿರುಚಿದರೆ ಓಡುತ್ತದೆ, ಹಿಡಿದರೆ ನಿಲ್ಲುತ್ತದೆ. ಎಡಗೈಯದು ನಾಜೂಕಿನ ಕೆಲಸ. ಪೂರ್ತಿ ಹಿಡಿದರೆ ಗಾಡಿ ಮುಂದೆ ಹೋಗದು, ಪೂರ್ತಿ ಬಿಟ್ಟರೆ ಕುಪ್ಪಳಿಸಿ ಆಫ್ ಆಗುತ್ತದೆ. ನಡುವೆ ಎಲ್ಲೋ ಒಂದು ಕೂದಲೆಳೆಯ ಜಾಗವಿದೆ, ಅದನ್ನು ಕಣ್ಣಲ್ಲಿ ನೋಡುವ ಹಾಗಿಲ್ಲ, ಬೆರಳೇ ಹುಡುಕಬೇಕು. ಟಾರು ರಸ್ತೆಯಲ್ಲಿ ಈ ಜಾಗವನ್ನು ಸಿಗ್ನಲ್ಲಿಗೊಮ್ಮೆ ಹುಡುಕಿದರೆ ಸಾಕು. ನಮ್ಮ ಸಕಲೇಶಪುರ ಕಡೆಯ ತೋಟದ ದಾರಿಯಲ್ಲಿ ಮಾರಿಗೊಮ್ಮೆ ಹುಡುಕಬೇಕು. ಒಂದು ಕಲ್ಲು, ಹಿಡಿ. ಒಂದು ಬೇರು, ಬಿಡು. ಕೆಸರು, ಅರ್ಧ ಹಿಡಿ. ಗುಡ್ಡದ ತುದಿ ಮುಟ್ಟುವ ಹೊತ್ತಿಗೆ ಮುಂಗೈ ಸೆಟೆದುಕೊಂಡು, ಬೆರಳುಗಳು ಲಿವರಿನ ಆಕಾರದಲ್ಲೇ ನಿಂತುಬಿಟ್ಟಿರುತ್ತವೆ. ಕಾಫಿ ಲೋಟ ಹಿಡಿಯಲೂ ಬಾರದು.

ಇದನ್ನೆಲ್ಲ ನೋಡಿಯೇ ನನ್ನ ಅಕ್ಕನ ಮಗ ತನ್ನ ಎಡಗೈಗೆ ಸ್ವಯಂ ನಿವೃತ್ತಿ, ಅಂದರೆ ವಿಆರ್‌ಎಸ್ ಕೊಡಿಸುವ ತೀರ್ಮಾನ ಮಾಡಿದ್ದು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಶನಿವಾರ ಬಂತೆಂದರೆ ಎತ್ತರದ, ತೆಳ್ಳಗಿನ, ಇಂಡಿಕೇಟರೂ ಇಲ್ಲದ ಆಮದು ಡರ್ಟ್ ಬೈಕೊಂದನ್ನು ಪಿಕಪ್ಪಿನಲ್ಲಿ ಹೇರಿಕೊಂಡು ನಮ್ಮ ತೋಟಕ್ಕೆ ಬರುತ್ತಾನೆ. ಒಂದು ಸಲ ಬಂದವನು ರಟ್ಟಿನ ಡಬ್ಬಿ ತೋರಿಸಿ, “ಮಾವ, ಇನ್ಮೇಲೆ ನಂಗೆ ಕ್ಲಚ್ಚೇ ಬೇಡ” ಅಂದ.

“ಹಂಗಾದ್ರೆ ಗೇರೂ ತಾನೇ ಬೀಳುತ್ತೇನೋ?”

“ಇಲ್ಲ ಮಾವ, ಗೇರು ನಾನೇ ಹಾಕ್ಬೇಕು.”

“ಅರ್ಧ ಆಟೊಮ್ಯಾಟಿಕ್ಕು ಅನ್ನು.”

ಅವನಿಗೆ ಸ್ವಲ್ಪ ಬೇಜಾರಾಯಿತು. ಆದರೆ ವಿಷಯ ಅಷ್ಟೇ. ಆಟೊಮ್ಯಾಟಿಕ್ ಗೇರು ಬೇರೆ, ಆಟೊಮ್ಯಾಟಿಕ್ ಕ್ಲಚ್ಚು ಬೇರೆ. ಹೋಂಡಾದ ಆಫ್ರಿಕಾ ಟ್ವಿನ್ 2017ರಲ್ಲಿ ನಮ್ಮ ದೇಶಕ್ಕೆ ಬಂದಾಗ ಎರಡನ್ನೂ ತಾನೇ ನೋಡಿಕೊಳ್ಳುವ ಗೇರ್‌ಬಾಕ್ಸಿನೊಂದಿಗೇ ಬಂತು. ಅದು ದೊಡ್ಡವರ ಗಾಡಿ. ಅಳಿಯನ ಡಬ್ಬಿಯಲ್ಲಿದ್ದದ್ದು ಕ್ಲಚ್ಚಿನ ಪ್ಲೇಟುಗಳ ನಡುವೆ ಕೂರುವ ಒಂದು ಚಕ್ರ, ಅದರೊಳಗೆ ತೂಕದ ತುಂಡುಗಳು. ಎಂಜಿನ್ ನಿಧಾನವಾಗಿ ಗುನುಗುತ್ತಿರುವಾಗ ಅವು ಒಳಗೇ ಕೂತಿರುತ್ತವೆ, ಪ್ಲೇಟುಗಳು ಸಡಿಲವಾಗಿರುತ್ತವೆ, ಗೇರಿನಲ್ಲಿದ್ದರೂ ಗಾಡಿ ನಿಂತೇ ಇರುತ್ತದೆ. ರೈಸ್ ಮಾಡಿದರೆ, ಜಾತ್ರೆಯ ತಿರುಗುವ ತೊಟ್ಟಿಲು ಜೋರಾದಂತೆ ಕುರ್ಚಿಗಳು ಹೊರಕ್ಕೆ ಚಿಮ್ಮುತ್ತವಲ್ಲ, ಹಾಗೆ ಅವು ಹೊರಕ್ಕೆ ಸರಿದು ಪ್ಲೇಟುಗಳನ್ನು ಒತ್ತುತ್ತವೆ. ಗಾಡಿ ಹೊರಡುತ್ತದೆ. ರೈಸ್ ಬಿಟ್ಟರೆ ಮತ್ತೆ ಸಡಿಲ. ಎಡಗೈ ಲಿವರಿನ ಮೇಲಿದ್ದರೂ ಸೈ, ಜೇಬಿನಲ್ಲಿದ್ದರೂ ಸೈ.

ಇದೇನು ಹೊಸ ಬ್ರಹ್ಮವಿದ್ಯೆಯಲ್ಲ. 1958ರಲ್ಲಿ ಜಪಾನಿನ ಹೋಂಡಾ ಕಂಪನಿ ಸೂಪರ್ ಕಬ್ ತಂದಾಗಲೇ ಕ್ಲಚ್ ಲಿವರನ್ನು ಕಿತ್ತುಹಾಕಿತ್ತು. ಮನೆಮನೆಗೆ ಸೋಬಾ ಶಾವಿಗೆ ತಲುಪಿಸುವ ಹುಡುಗ ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಗಾಡಿ ಓಡಿಸುವ ಹಾಗಿರಬೇಕು ಎಂಬುದು ಅವರ ಲೆಕ್ಕ. ಗಮನಿಸಿ, ಎಡಗೈಗೆ ಅಲ್ಲಿ ಬಿಡುವು ಸಿಗಲಿಲ್ಲ, ವರ್ಗಾವಣೆ ಸಿಕ್ಕಿತು, ಕ್ಲಚ್ಚಿನಿಂದ ಶಾವಿಗೆಗೆ. ಆ ಗಾಡಿ ಅಮೆರಿಕಕ್ಕೆ ಹೋದಾಗ ಐಡಹೊ ರಾಜ್ಯದ ಬೋಯ್ಸಿ ಎಂಬ ಊರಿನ ಡೀಲರೊಬ್ಬರು ಲಾಸ್ ಏಂಜಲೀಸಿನ ಡೀಲರುಗಳೆಲ್ಲ ಸೇರಿ ಮಾರಿದ್ದಕ್ಕಿಂತ ಹೆಚ್ಚು ಮಾರತೊಡಗಿದರಂತೆ. ಏನಪ್ಪಾ ಗುಟ್ಟು ಎಂದು ಕಂಪನಿಯವರು ವಿಚಾರಿಸಿದರೆ, ಆ ಮನುಷ್ಯ ಹಿಂದಿನ ಚಕ್ರಕ್ಕೆ ದೊಡ್ಡ ಸ್ಪ್ರಾಕೆಟ್ಟು, ಗಡ್ಡೆಗಡ್ಡೆ ಟೈರು ಹಾಕಿ, ಬೆಟ್ಟ ಹತ್ತುವ ಬೇಟೆಗಾರರಿಗೂ ಮೀನು ಹಿಡಿಯುವವರಿಗೂ ಮಾರುತ್ತಿದ್ದ. ಅದನ್ನೇ ನೋಡಿ ಕಂಪನಿ 1961ರಲ್ಲಿ ಟ್ರೈಲ್ ಎಂಬ ಹೆಸರಿನ ಗಾಡಿ ಬಿಟ್ಟಿತು. ಅಂದರೆ ಕ್ಲಚ್ ಲಿವರಿಲ್ಲದ ಗುಡ್ಡಗಾಡು ಬೈಕಿಗೆ ಅರವತ್ತು ವರ್ಷ ದಾಟಿದೆ. ದೊಡ್ಡ ಡರ್ಟ್ ಬೈಕುಗಳಿಗೆ ಆಟೊಮ್ಯಾಟಿಕ್ ಕ್ಲಚ್ಚಿನ ಕಿಟ್ಟು ಮಾಡಿ ಹೆಸರಾದ ರೆಕ್ಲೂಸ್ ಕಂಪನಿ 2002ರಲ್ಲಿ ಹುಟ್ಟಿದ್ದೂ ಅದೇ ಬೋಯ್ಸಿಯಲ್ಲಿ. ಆ ಊರಿನ ನೀರಿನಲ್ಲೇ ಎಡಗೈಯ ಮೇಲೆ ಏನೋ ಹಗೆ ಇರಬೇಕು. ಈಗ ಇಂಥ ಕಿಟ್ಟು ಮಾಡುವವರು ಇನ್ನೂ ಕೆಲವರಿದ್ದಾರೆ. ಅಳಿಯ ತಂದದ್ದು ಅವುಗಳಲ್ಲೊಂದು.

ನಮ್ಮ ಮೈಸೂರೇನೂ ಹಿಂದೆ ಬಿದ್ದಿರಲಿಲ್ಲ. ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ದಿಗಳಲ್ಲಿ ಗೇರ್ ಲಿವರನ್ನು ಕಾಲಲ್ಲಿ ಒತ್ತಿದರೆ ಕ್ಲಚ್ಚು ತಾನೇ ಬಿಡಿಸಿಕೊಳ್ಳುತ್ತಿತ್ತು. ನಿಂತಲ್ಲಿಂದ ಹೊರಡಲು ಮಾತ್ರ ಕೈ ಬೇಕಿತ್ತು. ಎಡಗೈ ಅಲ್ಲಿ ಅರ್ಧ ಸಂಬಳದ ರಜೆಯಲ್ಲಿತ್ತು ಎನ್ನಬಹುದು. ಇನ್ನು ನಮ್ಮ ತೋಟದ ರೈಟರ್ ಓಡಿಸುವ ಟಿವಿಎಸ್ ಎಕ್ಸ್‌ಎಲ್. ಅದರದ್ದು ಹುಟ್ಟಾ ಆಟೊಮ್ಯಾಟಿಕ್ ಕ್ಲಚ್ಚು, ಒಂದೇ ಗೇರು. ಗೊಬ್ಬರದ ಚೀಲ ಮುಂದೆ, ಹಾಲಿನ ಕ್ಯಾನು ಪಕ್ಕಕ್ಕೆ, ಹೆಂಡತಿ ಹಿಂದೆ, ಹೆಂಡತಿಯ ಮಡಿಲಲ್ಲಿ ಕೋಳಿ. ಹೆಲ್ಮೆಟ್ಟು, ಮೊಣಕಾಲಿಗೆ ಚಿಪ್ಪು, ಬೆನ್ನಿಗೆ ನೀರಿನ ಚೀಲ ಕಟ್ಟಿಕೊಂಡು ಅಳಿಯ ಹತ್ತುವ ದಾರಿಯಲ್ಲೇ ರೈಟರ್ ಪಂಚೆ ಎತ್ತಿಕಟ್ಟಿ ದಿನಾ ಬೆಳಿಗ್ಗೆ ಏಳಕ್ಕೆ ಹತ್ತುತ್ತಾರೆ. ಅದಕ್ಕೆ ಅಡ್ವೆಂಚರ್ ಎಂದು ಯಾರೂ ಹೆಸರಿಟ್ಟಿಲ್ಲ, ಡ್ಯೂಟಿ ಎಂದಷ್ಟೇ ಹೇಳುತ್ತಾರೆ.

ಕಿಟ್ಟು ಹಾಕಿಸಿದ ಮೇಲೆ ಅಳಿಯ ಗುಡ್ಡ ಹತ್ತಿದ್ದನ್ನು ನಾನೇ ಕಂಡೆ. ಸುಳ್ಳು ಹೇಳಬಾರದು, ಸೊಗಸಾಗಿತ್ತು. ಮೊದಲೆಲ್ಲ ಹಲಸಿನ ಮರದ ಬೇರಿನ ಹತ್ತಿರ ಗಾಡಿ ತಪ್ಪದೇ ಆಫ್ ಆಗುತ್ತಿತ್ತು. ಏರಿನ ನಡುವೆ ಆಫ್ ಆದರೆ ಕಾಲಿಗೆ ನೆಲ ಸಿಗದು, ಮುಂದಿನ ಬ್ರೇಕ್ ಒಂದನ್ನೇ ನೆಚ್ಚಿದರೆ ಗಾಡಿ ಜಾರುತ್ತಾ ಹಿಂದಕ್ಕೆ ಬರುತ್ತದೆ, ಹಿಂದೆ ಪಾತಾಳ. ಈಗ ಅದೇ ಬೇರಿನ ಮುಂದೆ ಗಾಡಿ ಪೂರಾ ನಿಂತಿತು, ಎಂಜಿನ್ ಮಾತ್ರ ಗುಡುಗುಡು ಅನ್ನುತ್ತಲೇ ಇತ್ತು. ಅಳಿಯ ಉಸಿರು ಎಳೆದುಕೊಂಡು, ದಾರಿ ನೋಡಿಕೊಂಡು, ಸ್ವಲ್ಪವೇ ರೈಸ್ ಕೊಟ್ಟ. ಹಿಂದಿನ ಟೈರು ಎಲೆಗೊಬ್ಬರ ಕೆದರದೆ, ಬೇರನ್ನು ಮೆಲ್ಲಗೆ ಅಪ್ಪಿಕೊಂಡು ಹತ್ತಿಹೋಯಿತು. ಚಿಕ್ಕ ಮಕ್ಕಳ ಡರ್ಟ್ ಬೈಕುಗಳಿಗೆ ಕಂಪನಿಗಳು ಮೊದಲಿಂದಲೂ ಇದೇ ಕ್ಲಚ್ಚು ಕೊಡುವುದು ಏಕೆಂದು ಆಗ ತಿಳಿಯಿತು. ಆಫ್ ಆಗುವ ಭಯ ಹೋದರೆ ಮನುಷ್ಯ ಹ್ಯಾಂಡಲ್ ನೋಡುವುದು ಬಿಟ್ಟು ದಾರಿಯ ಕಡೆ ನೋಡುತ್ತಾನೆ. ಸಂಜೆ ಅಳಿಯನ ಮುಂಗೈ ಮೆತ್ತಗೇ ಇತ್ತು. ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದ.

ಖಾಲಿ ಕೂತ ಎಡಗೈಗೆ ಏನಾದರೂ ಕೆಲಸ ಕೊಡಬೇಕಲ್ಲ? ಇಂಥ ಬೈಕುಗಳಲ್ಲಿ ಕೆಲವರು ಕ್ಲಚ್ ಲಿವರಿನ ಜಾಗಕ್ಕೆ ಹಿಂದಿನ ಬ್ರೇಕನ್ನೇ ತಂದು ಕೂರಿಸುತ್ತಾರೆ. ಕಡಿದಾದ ಬಲತಿರುವಿನಲ್ಲಿ ಬಲಗಾಲು ನೆಲಕ್ಕೆ ಊರಿದ್ದರೂ ಹಿಂದಿನ ಬ್ರೇಕ್ ಕೈಗೆ ಸಿಗಲಿ ಅಂತ. ಅಳಿಯನೂ ಹಾಗೇ ಮಾಡಿಸಿದ. ಹತ್ತು ವರ್ಷ ಗೇರಿನ ಗಾಡಿ ಓಡಿಸಿದ ಅವನಿಗೆ ಇದು ಒಗ್ಗಲೇ ಇಲ್ಲ. ಕ್ಲಚ್ಚು ಎಂದು ಹಿಡಿದಾಗಲೆಲ್ಲ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತಿತ್ತು. ನನ್ನ ಹೆಂಡತಿ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದವಳು, “ಎಡಗೈಲಿ ಬ್ರೇಕು, ನಮ್ಮ ಸ್ಕೂಟರಿನ ಥರಾನೇ ಅಲ್ವೇನೋ?” ಎಂದು ಹತ್ತಿ, ಸೀರೆ ಸೆರಗು ಸಿಕ್ಕಿಸಿ, ಅಂಗಳದಲ್ಲಿ ಒಂದು ಸುತ್ತು ಹಾಕಿ ಇಳಿದಳು. ಕಾಲು ನೆಲಕ್ಕೆ ಎಟುಕದಿದ್ದರಿಂದ ಇಳಿಯುವಾಗ ಇಬ್ಬರು ಹಿಡಿಯಬೇಕಾಯಿತು, ಅಷ್ಟೇ. ನಮ್ಮ ಊರುಗಳಲ್ಲಿ ಪೇಟೆಗೆ ತರಕಾರಿಗೆ ಹೋಗುವ ಹೆಂಗಸರೆಲ್ಲ ಗೊತ್ತಿಲ್ಲದೇ ಈ ವಿದ್ಯೆಯಲ್ಲಿ ಪಳಗಿದ್ದಾರೆ.

ಇಷ್ಟು ಏರಿನ ಕಥೆ. ಏರಿದವನು ಇಳಿಯಲೇಬೇಕು.

ಮಾಮೂಲಿ ಕ್ಲಚ್ಚಿನ ಗಾಡಿ ಇಳಿಜಾರಿನಲ್ಲಿ ಒಂದನೇ ಗೇರಿನಲ್ಲಿದ್ದರೆ ಎಂಜಿನ್ನೇ ಚಕ್ರವನ್ನು ಹಿಡಿದುಕೊಂಡಿರುತ್ತದೆ. ಗುರ್ ಎನ್ನುತ್ತಾ ಮೆಲ್ಲಗೆ ಇಳಿಸುತ್ತದೆ. ಆಟೊಮ್ಯಾಟಿಕ್ ಕ್ಲಚ್ಚಿಗೆ ಏರೂ ಒಂದೇ ಇಳಿಜಾರೂ ಒಂದೇ, ಎಂಜಿನ್ನಿನ ಸುತ್ತು ಇಳಿದರೆ ತಾನು ಸಡಿಲ. ಜಾರುಮಣ್ಣಿನ ಇಳಿಜಾರಿನಲ್ಲಿ ಮನುಷ್ಯ ಮಾಡುವ ಮೊದಲ ಕೆಲಸವೇ ರೈಸ್ ಬಿಡುವುದು. ಬಿಟ್ಟು ಬ್ರೇಕ್ ಹಿಡಿದು ನಿಧಾನ ಮಾಡಿದ ತಕ್ಷಣ ಕ್ಲಚ್ಚೂ ಕೈಬಿಡುತ್ತದೆ, ಗಾಡಿ ತಳ್ಳುಗಾಡಿಯಾಗಿ ಹೊರಡುತ್ತದೆ. ಮತ್ತೆ ಹಿಡಿತ ಬೇಕಾದರೆ ಒಂಚೂರು ರೈಸ್ ಕೊಡಬೇಕು. ನಿಧಾನವಾಗಬೇಕಾದರೆ ಮೊದಲು ಜೋರು ಮಾಡು ಎಂಬ ಈ ತತ್ವ ಉಪನಿಷತ್ತಿನಂತೆ ಕೇಳಿಸಬಹುದು. ಕಡಿದಾದ ಇಳಿಜಾರಿನಲ್ಲಿ, ಕೆಳಗೆ ಹಳ್ಳ ಕಾಣುತ್ತಿರುವಾಗ ಅದನ್ನು ಆಚರಿಸಲು ಋಷಿಯೇ ಆಗಬೇಕು.

ಕೆಸರಿನಲ್ಲಿ ಬಿದ್ದಾಗ ಇನ್ನೊಂದು ಫಜೀತಿ. ಮಾಮೂಲಿ ಬೈಕು ಬಿದ್ದರೆ ಸಾಮಾನ್ಯವಾಗಿ ಆಫ್ ಆಗುತ್ತದೆ, ಮರ್ಯಾದೆಯಿಂದ ಮಲಗುತ್ತದೆ. ಇದು ಬಿದ್ದೂ ಗುನುಗುತ್ತಲೇ ಇರುತ್ತದೆ, ಗೇರೂ ಹಾಗೇ ಇರುತ್ತದೆ. ನ್ಯೂಟ್ರಲ್ಲಿನಲ್ಲಿದೆ ಎಂದುಕೊಂಡು ಅಳಿಯ ಹ್ಯಾಂಡಲ್ ಹಿಡಿದು ಎತ್ತಿದ, ಎತ್ತುವಾಗ ಬಲಗೈ ತನಗರಿವಿಲ್ಲದೆ ರೈಸ್ ತಿರುಚಿತು. ಬೈಕು ಒಂದೇ ನೆಗೆತಕ್ಕೆ ಅವನ ಕೈಯಿಂದ ಬಿಡಿಸಿಕೊಂಡು ರೋಬಸ್ಟಾ ಗಿಡದೊಳಗೆ ನುಗ್ಗಿತು. ಅಳಿಯನಿಗೆ ಗಾಯವಾಗಲಿಲ್ಲ, ಕಾಫಿ ಗಿಡಕ್ಕಾಯಿತು.

ನಿಲ್ಲಿಸುವ ರಗಳೆಯೂ ಉಂಟು. ಇಳಿಜಾರಿನಲ್ಲಿ ಬೈಕನ್ನು ಗೇರಿಗೆ ಹಾಕಿ ಆಫ್ ಮಾಡಿದರೆ ಅಲ್ಲಾಡದೆ ನಿಲ್ಲುತ್ತದೆ ಎಂಬುದು ಮಲೆನಾಡಿನ ಮಕ್ಕಳಿಗೂ ಗೊತ್ತು. ಇಲ್ಲಿ ಎಂಜಿನ್ ಆಫ್ ಆದರೆ ಕ್ಲಚ್ಚು ಸಡಿಲ, ಗೇರು ಹಾಕಿದರೂ ಒಂದೇ ಬಿಟ್ಟರೂ ಒಂದೇ. ಅಳಿಯ ಒಮ್ಮೆ ಕಣದ ಅಂಚಿನಲ್ಲಿ ನಿಲ್ಲಿಸಿ ಒಳಗೆ ಹೋದ. ಬೈಕು ಒಂದು ಗೇಣು ಮುಂದೆ ಸರಿಯಿತು, ಸೈಡ್ ಸ್ಟ್ಯಾಂಡು ಮಡಚಿಕೊಂಡಿತು, ಒಣಗಲು ಹರವಿದ್ದ ಕಾಫಿ ಹಣ್ಣಿನ ಮೇಲೆ ಅಡ್ಡಡ್ಡ ಮಲಗಿತು. ರೈಟರ್ ಓಡಿಬಂದು ಎತ್ತಿ, ಚಕ್ರದ ಕೆಳಗೆ ಮುಷ್ಟಿಗಾತ್ರದ ಕಲ್ಲೊಂದನ್ನು ಕೊಟ್ಟು, “ಇದಕ್ಕೆಲ್ಲ ಕಲ್ಲು ಕೊಡ್ಬೇಕು ಸಾರ್. ನಮ್ಮ ಎಕ್ಸ್‌ಎಲ್‌ಗೂ ಅದೇ” ಅಂದರು. ಅಷ್ಟು ದೂರದಿಂದ ತರಿಸಿದ ಯಂತ್ರಕ್ಕೆ ಬಿಡಿಭಾಗ ನಮ್ಮ ಹಳ್ಳದಲ್ಲೇ ಸಿಕ್ಕಿತು.

ಬ್ಯಾಟರಿ ಕೂತರೆ ತಳ್ಳಿ ಸ್ಟಾರ್ಟ್ ಮಾಡುವುದನ್ನೂ ಮರೆಯಬೇಕು. ತಳ್ಳಿದರೆ ಚಕ್ರ ತಿರುಗುತ್ತದೆ, ಎಂಜಿನ್ನಿಗೆ ಸುದ್ದಿಯೇ ಮುಟ್ಟುವುದಿಲ್ಲ. ನಿಧಾನವಾಗಿ ಬಹಳ ಹೊತ್ತು ಏರಿದರೆ ಪ್ಲೇಟುಗಳು ಜಾರಿ ಜಾರಿ ಕಾಯುತ್ತವೆ, ಆಯಿಲ್ ಬೇಗ ಬದಲಿಸಬೇಕು. ಪ್ಲೇಟು ಸವೆದಂತೆ ಹೊಂದಾಣಿಕೆ ತಪ್ಪದಂತೆ ಆಗಾಗ ಕೇಬಲ್ಲಿನ ಆಟ ನೋಡಿಕೊಳ್ಳಬೇಕು. ಮರದ ದಿಮ್ಮಿ ಎದುರಾದಾಗ ಕ್ಲಚ್ಚನ್ನು ಫಟ್ಟನೆ ಬಿಟ್ಟು ಮುಂದಿನ ಚಕ್ರ ಎಗರಿಸುವ ಹಳೇ ಗರಡಿಯ ಪಟ್ಟಿಗೆ ಇದು ಅಷ್ಟಾಗಿ ಒಗ್ಗುವುದಿಲ್ಲ. ಕಿಟ್ಟಿನ ಬೆಲೆಗೆ ಸುಂಕ, ಕೊರಿಯರ್ರು ಕೂಡಿದರೆ ಒಂದು ಹಳೇ ಎಕ್ಸ್‌ಎಲ್ ಮನೆಗೆ ಬರುತ್ತಿತ್ತು.

ನಾನು ಬ್ಯಾಂಕಿನಲ್ಲಿದ್ದವನು. 2001ರ ಸುಮಾರಿಗೆ ಬ್ಯಾಂಕುಗಳು ವಿಆರ್‌ಎಸ್ ಕೊಟ್ಟಾಗ ನಮ್ಮ ಶಾಖೆಯಿಂದ ಹಿರಿಯರು ಹಾರ ಹಾಕಿಸಿಕೊಂಡು ಹೋದರು. ಅವರು ಹೋದರೇ ಹೊರತು ಅವರ ಕೆಲಸ ಹೋಗಲಿಲ್ಲ. ಲೆಡ್ಜರುಗಳು ಮರುದಿನ ನಮ್ಮ ಮೇಜಿಗೆ ಬಂದವು. ಎಡಗೈಯದೂ ಇದೇ ಕಥೆ. ಅದು ಬಿಟ್ಟ ಕೆಲಸವನ್ನು ಏರಿನಲ್ಲಿ ತೂಕದ ತುಂಡುಗಳು ಮಾಡುತ್ತವೆ, ಇಳಿಜಾರಿನಲ್ಲಿ ಬಲಗೈ ಮಾಡುತ್ತದೆ, ನಿಲ್ಲಿಸಿದಾಗ ಕಲ್ಲು ಮಾಡುತ್ತದೆ, ತಿಂಗಳ ಕೊನೆಗೆ ಜೇಬು ಮಾಡುತ್ತದೆ. ಯಾರ ಮೇಜಿಗೆ ಯಾವ ಲೆಡ್ಜರು ಬಂತು ಎಂದು ತಿಳಿದುಕೊಂಡವನಿಗೆ ಈ ಕ್ಲಚ್ಚಿನಷ್ಟು ಸುಖ ಬೇರೆ ಇಲ್ಲ. ತಿಳಿಯದವನು ಎರಡು ಕೈಯಿದ್ದೂ ಬೀಳುತ್ತಾನೆ. ಬೆರಳು ನೋವಿನವರು, ವಯಸ್ಸಾದವರು, ಹೊಸದಾಗಿ ಕಲಿಯುವವರು ಧಾರಾಳವಾಗಿ ಹಾಕಿಸಿಕೊಳ್ಳಲಿ. ಕಲಿಯುವವರು ಮಾತ್ರ ವಾರಕ್ಕೊಮ್ಮೆ ಮಾಮೂಲಿ ಗಾಡಿಯನ್ನೂ ಓಡಿಸುತ್ತಿರಬೇಕು. ಸ್ನೇಹಿತನ ಬೈಕು ಕೇಳಿ ತಗೊಳ್ಳುವ ದಿನ ಬಂದೇ ಬರುತ್ತದೆ.

ಅಳಿಯನ ಗೆಳೆಯರು ಈಗ ತೋಟಕ್ಕೆ ಬಂದಾಗ, ನಾವೂ ಈ ಕಿಟ್ಟು ಹಾಕಿಸೋಣವೇ ಎಂದು ನನ್ನನ್ನೇ ಕೇಳುತ್ತಾರೆ. ನಾನು ಕೇಳುವುದು ಒಂದೇ: “ನೀವು ಓಡಿಸೋ ದಾರೀಲಿ ಏರು ಜಾಸ್ತಿಯೋ, ಇಳಿಜಾರು ಜಾಸ್ತಿಯೋ?” ಹುಡುಗರು ಸ್ವಲ್ಪ ಹೊತ್ತು ಯೋಚಿಸಿ, ಗಂಭೀರವಾಗಿ, “ಏರೇ ಜಾಸ್ತಿ ಅಂಕಲ್” ಅನ್ನುತ್ತಾರೆ. ಹಾಗಿದ್ದರೆ ಹಾಕಿಸಿ ಎಂದು ಹೇಳಿ ಕಳಿಸುತ್ತೇನೆ. ಹತ್ತಿದವರೆಲ್ಲ ಮನೆಗೆ ಯಾವ ದಾರಿಯಲ್ಲಿ ವಾಪಸು ಬರುತ್ತಾರೋ, ಅದನ್ನು ಕೇಳಲು ನಾನು ಹೋಗುವುದಿಲ್ಲ.