ಪತ್ತಾಯ ಸರಿಸಿದ ತಪ್ಪಿಗೆ

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಟಾರು ರಸ್ತೆ ಬಿಟ್ಟು ಒಳಗೆ ಇಳಿದರೆ ನಮ್ಮ ಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಣಗಿದ್ದು ಎಂದು ಧೈರ್ಯವಾಗಿ ಹೇಳಬಹುದಾದ್ದು ಒಲೆಯೊಳಗಿನ ಬೂದಿ ಒಂದೇ. ಅಂಗಳ, ಮೆಟ್ಟಿಲು, ಕೊಟ್ಟಿಗೆಗೆ ಹೋಗುವ ಕಲ್ಲುಹಾಸು, ಎಲ್ಲದರ ಮೇಲೂ ಹಾವಸೆ. ಅಡಿಕೆ ದಬ್ಬೆ ಹಾಸುತ್ತೇವೆ, ಸಿಪ್ಪೆ ಹರವುತ್ತೇವೆ, ಬ್ಲೀಚಿಂಗ್ ಪೌಡರ್ ಎರಚಿ ತಿಕ್ಕುತ್ತೇವೆ. ಆದರೂ ಮಳೆಗಾಲದಲ್ಲಿ ಬಯಲುಸೀಮೆಯ ನೆಂಟರು ಬಂದರೆ ಸಾಷ್ಟಾಂಗ ನಮಸ್ಕಾರ ಮೊದಲು, ಕುಶಲೋಪರಿ ಆಮೇಲೆ.

ಈ ಅಂಗಳದಲ್ಲಿ ಅಮ್ಮ ಅರವತ್ತು ಮಳೆಗಾಲ ನಡೆದಿದ್ದಾಳೆ. ತಲೆ ಮೇಲೆ ಹುಲ್ಲಿನ ಹೊರೆ, ಕೈಯಲ್ಲಿ ಹಾಲಿನ ಚೊಂಬು, ಸೊಂಟದಲ್ಲಿ ನಾನು. ‘ಹೆಬ್ಬೆರಳು ಊರಿ ನಡೀಬೇಕು’ ಎಂಬುದು ಅವಳು ನಮಗೆಲ್ಲ ಕಲಿಸಿದ ಮೊದಲ ಪಾಠ, ಅಕ್ಷರಾಭ್ಯಾಸಕ್ಕೂ ಮುಂಚಿನದು. ಅಂಥವಳು ಕಳೆದ ವರ್ಷದ ಹಿಂದಿನ ಬೇಸಿಗೆಯಲ್ಲಿ, ಒಣಗಿದ ನೆಲದ ಮೇಲೆ, ಹಾಡಹಗಲು, ಕೈಯಲ್ಲಿ ಏನೂ ಇಲ್ಲದೆ ಬಿದ್ದಳು. ಬಿದ್ದದ್ದು ನಾನೇ ಶಿವಮೊಗ್ಗದಿಂದ ತಂದು ನಡುಮನೆಯ ಬಾಗಿಲಿಗೆ ಹಾಸಿದ್ದ ಕಾಲೊರಸಿನ ಮೇಲೆ. ನುಣ್ಣನೆಯ ಕಾವಿ ನೆಲ, ಅದರ ಮೇಲೆ ಹಗುರಾದ ಚಾಪೆ. ಅದು ಜಾರಿತು, ಅಮ್ಮ ಅದರ ಜೊತೆಗೇ ಹೋದಳು. ಅದರ ಮೇಲೆ ‘ವೆಲ್‌ಕಮ್’ ಎಂದು ಬರೆದಿತ್ತು.

ಸೊಂಟ ಮುರಿಯಿತು ಎಂದು ಊರೆಲ್ಲ ಮಾತಾಡಿಕೊಂಡಿತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದ ಮೇಲೆ ನನಗೆ ತಿಳಿದದ್ದು, ವಯಸ್ಸಾದವರಲ್ಲಿ ಹಲವು ಸಲ ಮುರಿಯುವುದು ಸೊಂಟವಲ್ಲ, ತೊಡೆಮೂಳೆಯ ಕತ್ತು. ಸೊಂಟದ ಗೂಡಿನೊಳಗೆ ತಿರುಗುವ ಗುಂಡು ಇರುತ್ತದಲ್ಲ, ಅದರ ಕೆಳಗಿನ ಸಣ್ಣ ಭಾಗ. ಗುಂಡನ್ನೇ ತೆಗೆದು ಲೋಹದ್ದು ಹಾಕಿದರು. ಮೂರನೆಯ ದಿನವೇ ವಾಕರ್ ಕೊಟ್ಟು ನಿಲ್ಲಿಸಿದರು. ಮನೆಗೆ ಕಳಿಸುವಾಗ ಒಂದು ಚೀಟಿ ಕೊಟ್ಟರು: ಮಣೆ ಮೇಲೆ ಕೂರಬಾರದು, ಚಕ್ಕಳಮಕ್ಕಳ ಹಾಕಬಾರದು, ಕಾಲ ಮೇಲೆ ಕಾಲು ಹಾಕಬಾರದು, ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು. ಮಲೆನಾಡಿನ ಹೆಂಗಸು ದಿನವಿಡೀ ಮಾಡುವ ಕೆಲಸಗಳನ್ನು ಯಾರೋ ಪಕ್ಕದಲ್ಲಿ ಕೂತು ನೋಡಿ ಬರೆದ ಹಾಗಿತ್ತು ಆ ಚೀಟಿ.

ಮೊದಲ ತಕರಾರು ದೇವರ ಕೋಣೆಯಲ್ಲೇ ಎದ್ದಿತು. ಮಣೆ ಬೇಡ, ಕುರ್ಚಿ ಹಾಕಿಕೊಂಡು ಪೂಜೆ ಮಾಡು ಎಂದರೆ, ‘ದೇವರು ಕೆಳಗೆ, ನಾನು ಮೇಲೆ ಕೂತುಕೊಳ್ಳೋದಾ?’ ಎಂದಳು. ಶಾಸ್ತ್ರದಲ್ಲಿ ಇದಕ್ಕೆ ಪರಿಹಾರ ಇದೆಯೋ ಇಲ್ಲವೋ, ಬಡಗಿಯ ಹತ್ತಿರ ಇತ್ತು. ಮಂಟಪವನ್ನು ಒಂದು ಗಟ್ಟಿ ಮೇಜಿನ ಮೇಲಿಟ್ಟು ದೇವರನ್ನೂ ಎರಡಡಿ ಎತ್ತಿದೆವು. ಈಗ ಇಬ್ಬರೂ ಸರಿಸಮ.

2007ರಲ್ಲಿ ಬಂದ ಕಾಯ್ದೆಯ ಪ್ರಕಾರ ತಂದೆತಾಯಿಯನ್ನು ಪೋಷಿಸುವುದು ಮಕ್ಕಳ ಹೊಣೆ, ತಪ್ಪಿದರೆ ಅವರು ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಪೋಷಿಸಿಕೊಳ್ಳಲು ಒಪ್ಪದ ತಾಯಿಯ ಮೇಲೆ ಮಗ ಎಲ್ಲಿ ಅರ್ಜಿ ಹಾಕಬೇಕು ಎಂಬುದನ್ನು ಮಾತ್ರ ಅದನ್ನು ಬರೆದವರು ಮರೆತಿದ್ದಾರೆ.

ವಾರಕ್ಕೆರಡು ಸಲ ಫಿಸಿಯೋಥೆರಪಿ ಹುಡುಗ ಬೈಕಿನಲ್ಲಿ ಬರುತ್ತಿದ್ದ. ಅವನು ಒಳ್ಳೆಯ ಹುಡುಗ, ಆದರೆ ಅವನು ಹೇಳಿದ್ದನ್ನೆಲ್ಲ ನಾನು ವೇದವಾಕ್ಯ ಮಾಡಿಕೊಂಡು ಮನೆಮಂದಿಯ ತಲೆ ತಿನ್ನತೊಡಗಿದೆ. ಹಾಸಿಗೆಯಿಂದ ಎದ್ದವರು ತಟ್ಟನೆ ನಿಲ್ಲಬಾರದು, ಮಲಗಿದ್ದ ದೇಹ ನಿಂತಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ, ಬಿ.ಪಿ. ಮಾತ್ರೆ ತಿನ್ನುವವರಿಗೆ ಇನ್ನೂ ಜಾಸ್ತಿ, ಆದ್ದರಿಂದ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕೂರಬೇಕು ಎಂದ. ಅಮ್ಮ ನಕ್ಕಳು. ಬೆಳಗ್ಗೆ ಎದ್ದ ಕೂಡಲೇ ಅಂಗೈ ನೋಡಿಕೊಂಡು ಒಂದು ಶ್ಲೋಕ, ನೆಲಕ್ಕೆ ಕಾಲಿಡುವ ಮೊದಲು ಭೂಮಿಯ ಕ್ಷಮೆ ಕೇಳಿ ಇನ್ನೊಂದು ಶ್ಲೋಕ, ಇದು ಅವಳ ಹುಟ್ಟಾ ರೂಢಿ. ಹುಡುಗ ಗಡಿಯಾರ ನೋಡಿ, ‘ಅಜ್ಜಿ, ಇದನ್ನೇ ಇನ್ನೂ ಸ್ವಲ್ಪ ನಿಧಾನ ಹೇಳಿ, ಸಾಕು. ರಾತ್ರಿ ಎದ್ದಾಗಲೂ ಹೇಳಿ’ ಎಂದ.

‘ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಹೋಗೋದಕ್ಕೆ ಲಕ್ಷ್ಮೀ ಸರಸ್ವತೀನ ಯಾಕೆ ಎಬ್ಬಿಸ್ಬೇಕು ಮಾರಾಯ?’

ಬಚ್ಚಲಿನದು ದೊಡ್ಡ ಕಥೆ. ಹಂಡೆ, ಒಲೆ, ಹೊಗೆ, ಕಲ್ಲಿನ ಹಾಸು, ಸೀಗೆಪುಡಿಯ ಜಾರು. ಅಲ್ಲಿಗೆ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟೆ. ಹುಡುಗ ಅದನ್ನು ಹೊರಗೆ ಒಯ್ದ. ಒದ್ದೆ ನೆಲದಲ್ಲಿ ಅದರ ಕಾಲು ಅಗಲಿಕೊಂಡು ಹೋಗುತ್ತದಂತೆ, ಕಾಲಿಗೆ ರಬ್ಬರ್ ಬುಷ್ ಇರುವ ಸ್ನಾನದ ಸ್ಟೂಲೇ ಬೇಕಂತೆ. ತಂದೆ. ಕಮೋಡ್ ಕೂರಿಸಿದೆ. ಬಾಗಿಲು ಒಳಗೆ ತೆರೆಯುತ್ತಿತ್ತು. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾಗಿ ಬಿದ್ದರೆ ಹೊರಗಿನವರು ತಳ್ಳುವ ಹಾಗಿಲ್ಲ, ಆದ್ದರಿಂದ ತಿರುಗಿಸಿ ಹೊರಗೆ ತೆರೆಯುವ ಹಾಗೆ ಮಾಡಿಸಿದೆ. ಇಷ್ಟರವರೆಗೂ ಅಮ್ಮ ಸುಮ್ಮನಿದ್ದಳು. ಒಳಗಿನ ಚಿಲಕ ಬಿಚ್ಚಿಸಿದ ದಿನ ಮಾತ್ರ ಊಟಕ್ಕೆ ಏಳಲಿಲ್ಲ. ಚಿಲಕವಿಲ್ಲದ ಬಚ್ಚಲಿಗೆ ಮೂರು ವರ್ಷದ ಮಕ್ಕಳು ಹೋಗುತ್ತಾರೆ, ತಾನಲ್ಲ. ಕೊನೆಗೆ ನನ್ನ ಹೆಂಡತಿ ರಾಜಿ ಮಾಡಿಸಿದಳು. ಬಾಗಿಲ ಮೇಲೆ ಸೀರೆ ನೇತಾಡುತ್ತಿದ್ದರೆ ಒಳಗೆ ಜನ ಇದ್ದಾರೆ, ಯಾರೂ ಹತ್ತಿರ ಸುಳಿಯಬಾರದು. ಸೀರೆಗೆ ಚಿಲಕಕ್ಕಿಂತ ಹೆಚ್ಚು ಮರ್ಯಾದೆ ಸಿಕ್ಕಿತು. ಚಿಲಕ ಹಾಕಿದ್ದಾಗ ಬಾಗಿಲು ಬಡಿಯುತ್ತಿದ್ದ ನಾವು ಈಗ ಸೀರೆ ಕಂಡರೆ ದೂರದಿಂದಲೇ ತಿರುಗುತ್ತೇವೆ.

ಕರೆಗಂಟೆಯ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ತಂತಿಯಿಲ್ಲದ ಬೆಲ್ ಒಂದನ್ನು ತರಿಸಿ, ಗುಂಡಿಯನ್ನು ಅಮ್ಮನ ಕೊರಳಿಗೆ ದಾರದಲ್ಲಿ ಕಟ್ಟಿ, ಗಂಟೆಯನ್ನು ಅಡುಗೆಮನೆಯಲ್ಲಿ ಇಟ್ಟೆ. ಒತ್ತಿದರೆ ಹಕ್ಕಿಯ ಚಿಲಿಪಿಲಿ. ಪಟ್ಟಣದ ಫ್ಲ್ಯಾಟಿನಲ್ಲಿ ಅದು ಸೊಗಸಾಗಿ ಕೇಳುತ್ತಿರಬಹುದು. ಸುತ್ತ ಕಾಡಿರುವ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಮ್ಮ ಕರೆಯುತ್ತಲೇ ಇದ್ದಾಳೆ ಅನ್ನಿಸುತ್ತಿತ್ತು. ಓಡಿಹೋದರೆ ಅವಳು ಮಲಗಿರುತ್ತಿದ್ದಳು. ಹಕ್ಕಿಯೇ ಇರಬೇಕೆಂದು ಸುಮ್ಮನಿದ್ದ ದಿನ ಅವಳೇ ಕರೆದಿದ್ದಳು. ಯಾವುದೋ ಕರ್ಕಶ ರಾಗಕ್ಕೆ ಬದಲಿಸಿದ ಮೇಲೆ ಸರಿಹೋಯಿತು. ಆದರೆ ಬಿದ್ದರೆ ಒತ್ತು ಎಂದು ಕೊಟ್ಟದ್ದನ್ನು ಅವಳು ಹೆಚ್ಚಾಗಿ ಒತ್ತುತ್ತಿದ್ದದ್ದು, ‘ಈಗ ಫೋನ್ ಮಾಡಿದ್ದು ಯಾರು?’ ಎಂದು ಕೇಳುವುದಕ್ಕೆ. ಗೋಡೆಯ ಮೇಲೆ ನಾನು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ ಆಂಬ್ಯುಲೆನ್ಸಿನ 108, ಹಿರಿಯರ ಸಹಾಯವಾಣಿಯ 14567, ಇವುಗಳ ಕೆಳಗೆ ಅವಳು ಪೆನ್ಸಿಲಿನಲ್ಲಿ ಇನ್ನೊಂದು ನಂಬರು ಸೇರಿಸಿದ್ದಾಳೆ. ಅದು ಆಚೆಮನೆಯವರದು. ಅದು ಬೇಕಾಗಿತ್ತು ಎಂದು ನನಗೆ ಹೊಳೆದೇ ಇರಲಿಲ್ಲ.

ಅಡುಗೆಮನೆಯಲ್ಲಿ ನನ್ನ ಸುಧಾರಣೆ ಪೂರ್ತಿ ಸೋತಿತು. ದಿನ ಬಳಸುವ ಸಾಮಾನು ಸೊಂಟಕ್ಕೂ ಹೆಗಲಿಗೂ ನಡುವಿನ ಎತ್ತರದಲ್ಲಿ ಇರಬೇಕು, ಬಗ್ಗುವುದೂ ಬೇಡ, ಹತ್ತುವುದೂ ಬೇಡ, ಇದು ನಿಯಮ. ನಾಗಂದಿಗೆಯ ಮೇಲಿದ್ದ ಅಪ್ಪೆಮಿಡಿ ಭರಣಿಯನ್ನು ಕೆಳಗಿಳಿಸಿದೆ. ಎರಡು ದಿನ ಬಿಟ್ಟು ನೋಡಿದರೆ ಅದು ಸ್ವಸ್ಥಾನದಲ್ಲಿತ್ತು. ಅಮ್ಮ ಮಣೆಯ ಮೇಲೆ ಕೂರುವುದನ್ನು ಚೀಟಿ ನಿಷೇಧಿಸಿತ್ತೇ ವಿನಾ, ಅದರ ಮೇಲೆ ಹತ್ತಿ ನಿಲ್ಲುವುದರ ಬಗ್ಗೆ ಏನೂ ಹೇಳಿರಲಿಲ್ಲ. ಮಣೆಗಳನ್ನೆಲ್ಲ ಈಗ ಅಟ್ಟದ ಮೇಲೆ ಹಾಕಿದ್ದೇವೆ.

ಇನ್ನು ಪತ್ತಾಯ. ಅಮ್ಮನ ಕೋಣೆಯಿಂದ ಬಚ್ಚಲಿಗೆ ಹೋಗುವ ಓಣಿಯಂಥ ಜಾಗದಲ್ಲಿ ಹಲಸಿನ ಮರದ ಹಳೆಯ ಪತ್ತಾಯ ಇತ್ತು. ಅಜ್ಜನ ಕಾಲದಲ್ಲಿ ವರ್ಷದ ಅಕ್ಕಿ ಅದರಲ್ಲಿರುತ್ತಿತ್ತು, ಈಗ ಹಳೆಯ ಕಂಬಳಿ, ಹರಿದ ಪಂಚಾಂಗ. ವಾಕರ್ ಸರಾಗವಾಗಿ ಹೋಗಲು ಅದು ಅಡ್ಡ. ಮೂರು ಜನ ಸೇರಿ ಎತ್ತಿ ಜಗಲಿಗೆ ಸಾಗಿಸಿದರು. ಎಂಥ ಅಗಲದ ದಾರಿಯಾಯಿತು! ನಾನು ಆ ತುದಿಯಿಂದ ಈ ತುದಿಗೆ ಕೈಬೀಸಿ ನಡೆದು ನೋಡಿದೆ. ರಾತ್ರಿಗೆಂದು ಓಡಾಡಿದರೆ ತಾನೇ ಹತ್ತುವ ದೀಪವನ್ನೂ ಹಾಕಿಸಿದೆ. ಅದು ಬೆಕ್ಕಿಗೆ ಬಹಳ ಅನುಕೂಲವಾಯಿತು.

ಮೂರು ತಿಂಗಳಾಯಿತು, ವಾಕರ್ ಮೂಲೆ ಸೇರಿತು. ಆಷಾಢದ ಒಂದು ರಾತ್ರಿ ಗಾಳಿಮಳೆಗೆ ಕರೆಂಟು ಹೋಗಿ ದೀಪವೂ ಇಲ್ಲ, ಬೆಲ್ಲೂ ಇಲ್ಲ. ಧಡ್ ಎಂದು ಸದ್ದಾಯಿತು. ಟಾರ್ಚು ಹಿಡಿದು ಓಡಿದೆ. ಅಮ್ಮ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಪುಣ್ಯಕ್ಕೆ ಬಿದ್ದಿರಲಿಲ್ಲ, ಗೋಡೆಗೆ ಒರಗಿ ಕುಸಿದಿದ್ದಳು. ಏನೂ ಆಗಿರಲಿಲ್ಲ.

‘ಪತ್ತಾಯ ಎಲ್ಲಿ ಹೋಯ್ತು?’ ಎಂದಳು.

‘ತೆಗೆದು ಮೂರು ತಿಂಗಳಾಯ್ತಲ್ಲಮ್ಮ, ನಿನ್ನೆದುರಿಗೇ ತೆಗೆಸಿದ್ದು. ಗೊತ್ತಿಲ್ವಾ?’

‘ನಂಗೆ ಗೊತ್ತಿತ್ತು ಮಾರಾಯ. ಕೈಗೆ ಗೊತ್ತಿರ್ಲಿಲ್ಲ.’

ಬೆಳಗ್ಗೆ ನಾನು ಆ ದಾರಿಯಲ್ಲಿ ಕೈಬೀಸಿ ನಡೆಯಲಿಲ್ಲ. ಬಗ್ಗಿ, ಗೋಡೆಗೆ ಓರೆಯಾಗಿ ಟಾರ್ಚು ಬಿಟ್ಟು ನೋಡುತ್ತ ಹೋದೆ. ಅಮ್ಮನ ಮಂಚದ ಪಕ್ಕದ ಗೋಡೆಯಲ್ಲಿ ಅಂಗೈಯಗಲದ ಕಪ್ಪು ಕಲೆ, ಎಣ್ಣೆ ಕೈ ತಾಗಿ ತಾಗಿ ಸುಣ್ಣದ ಮೇಲೆ ಮಿರುಗು ಬಂದದ್ದು. ಮುಂದೆ ಬಾಗಿಲವಾಡ, ಒಂದು ಜಾಗದಲ್ಲಿ ಮಾತ್ರ ಪಾಲಿಶ್ ಕೊಟ್ಟ ಹಾಗೆ ನುಣುಪು. ಆಮೇಲೆ ಪತ್ತಾಯ ಇದ್ದ ಜಾಗ, ಬರಿದು. ಜಗಲಿಗೆ ಹೋಗಿ ಪತ್ತಾಯದ ಅಂಚು ಮುಟ್ಟಿ ನೋಡಿದೆ, ಅದೂ ಹಾಗೆಯೇ ಸವೆದಿತ್ತು. ಬಚ್ಚಲ ಹೊಸ್ತಿಲಿನ ಬಳಿ ಮೂಲೆಗೋಡೆಯಲ್ಲಿ ಇನ್ನೊಂದು ಕಲೆ. ಒಟ್ಟು ಏಳು ಕಡೆ. ಮಂಚದಿಂದ ಬಚ್ಚಲವರೆಗೆ ಕತ್ತಲಲ್ಲಿ ಒಂದು ಹಿಡಿಕೆಯಿಂದ ಇನ್ನೊಂದಕ್ಕೆ ದಾಟುತ್ತ ಅಮ್ಮ ವರ್ಷಗಟ್ಟಲೆ ಹೋಗಿಬಂದಿದ್ದಳು, ನಾನು ನಡುವಿನ ಸಂಕವನ್ನೇ ಕಿತ್ತುಹಾಕಿದ್ದೆ. ಸುರಕ್ಷತೆಗಾಗಿ.

ಬಚ್ಚಲಿನೊಳಗೆ ಸ್ಟೀಲಿನ ಹಿಡಿಕೆ ಮೊದಲೇ ಹಾಕಿಸಿದ್ದೆ, ಪುಸ್ತಕದ ಲೆಕ್ಕದಂತೆ ನೆಲದಿಂದ ಮೂರಡಿಗೆ. ಅಮ್ಮ ಅದರ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದಳು, ಎದ್ದೇಳುವಾಗ ಹಿಡಿಯುತ್ತಿದ್ದದ್ದು ಟವೆಲ್ ಕಂಬಿಯನ್ನು. ಟವೆಲ್ ಕಂಬಿ ಟವೆಲ್ಲಿನ ಭಾರಕ್ಕೆ ಮಾಡಿದ್ದು. ಮುಟ್ಟಿ ನೋಡಿದರೆ ಸ್ಕ್ರೂ ಆಗಲೇ ಲಟಪಟ ಅನ್ನುತ್ತಿತ್ತು. ಮೇಸ್ತ್ರಿಯನ್ನು ಮತ್ತೆ ಕರೆಸಿದೆ. ‘ಅಳತೆ ಎಷ್ಟು ಸ್ವಾಮಿ?’ ಎಂದು ಕೇಳಿದ. ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿ ಏಳಲು ಹೇಳಿ, ಕೈ ಎಲ್ಲಿಗೆ ಹೋಯಿತೋ ಅಲ್ಲಿ ಇದ್ದಿಲಿನಿಂದ ಗುರುತು ಹಾಕಿದೆ. ಪುಸ್ತಕದ ಅಳತೆಗಿಂತ ನಾಲ್ಕು ಬೆರಳು ಕೆಳಗೆ ಬಂತು. ಅವಳು ನಾಲ್ಕಡಿ ಒಂಬತ್ತು ಇಂಚು, ಪುಸ್ತಕ ಬರೆದವರಿಗೆ ಇದು ಗೊತ್ತಿರುವುದು ಸಾಧ್ಯವಿರಲಿಲ್ಲ. ಗುರುತು ಇದ್ದಲ್ಲಿ ಗೋಡೆ ಗಟ್ಟಿ ಇದೆಯೇ ಎಂದು ಬಡಿದು ನೋಡಿ, ಉದ್ದದ ಬೋಲ್ಟು ಹಾಕಿ ಕೂರಿಸಿದ. ಆಮೇಲೆ ನಾನೇ ಪೂರ್ತಿ ಭಾರ ಬಿಟ್ಟು ಜೋತುಬಿದ್ದು ಪರೀಕ್ಷೆ ಮಾಡಿದೆ.

ಪತ್ತಾಯ ಹಿಂದಕ್ಕೆ ಬಂತು. ಅದೇ ಮೂರು ಜನ, ಅದೇ ಏದುಸಿರು. ಇಳಿಸುವಾಗ ಅವರಲ್ಲೊಬ್ಬ ಕೇಳಿದ: ‘ಇದು ಇನ್ನು ಇಲ್ಲೇ ಇರ್ತದಾ, ಇಲ್ಲ ಮುಂದಿನ ವಾರ ಮತ್ತೆ ಬರ್ಬೇಕಾ?’

ಉಳಿದದ್ದು ಕೋಲು. ಕೋಲಿನ ತುದಿ ನೆಲದಲ್ಲಿ, ಹಿಡಿ ಇಳಿಬಿಟ್ಟ ಕೈಯ ಮಣಿಕಟ್ಟಿನ ಗೆರೆಗೆ, ಅದು ಸರಿಯಾದ ಎತ್ತರ. ಹಿಡಿಯಬೇಕಾದ್ದು ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ. ಇದನ್ನು ನಮ್ಮ ಮನೆಗೆ ಬರುವ ಯಾವ ನೆಂಟನೂ ಒಪ್ಪುವುದಿಲ್ಲ, ಎಲ್ಲರೂ ಕೋಲು ಕಿತ್ತು ಇನ್ನೊಂದು ಕೈಗೆ ಕೊಟ್ಟು ಹೋಗುತ್ತಾರೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ. ಇದೆಲ್ಲ ಅಮ್ಮನಿಗೆ ಬಾಯಿಪಾಠ. ಆದರೆ ಕೋಲು ಹಿಡಿಯುವ ವಯಸ್ಸು ತನಗೆ ಬಂದಿಲ್ಲ, ಅದು ಬರುವುದು ತೊಂಬತ್ತಕ್ಕೆ, ಎಂಬ ವಿಷಯದಲ್ಲಿ ಅವಳು ಗಟ್ಟಿ.

ಹೀಗಿರುವಾಗ ಮಂಗಗಳು ಬಂದವು. ಬಾಳೆಗೊನೆಗೆ ಕೈ ಹಾಕಿದ ಮಂಗನನ್ನು ಓಡಿಸಲು ಕೈಗೆ ಸಿಕ್ಕಿದ್ದು ಆ ಕೋಲು. ಅಂದಿನಿಂದ ಅದಕ್ಕೆ ನಮ್ಮ ಮನೆಯಲ್ಲಿ ಮಂಗನ ಕೋಲು ಎಂದೇ ಹೆಸರು. ಮಂಗ ಎಲ್ಲಿ ಬೇಕಾದರೂ ಬರಬಹುದಾದ್ದರಿಂದ ಅದು ಅಮ್ಮನ ಜೊತೆಗೇ ಇರುತ್ತದೆ: ತುಳಸಿಕಟ್ಟೆಗೆ, ಕೊಟ್ಟಿಗೆಗೆ, ಆಚೆಮನೆಗೆ, ಮಂಗ ಬರುವ ಸಾಧ್ಯತೆ ಕಡಿಮೆ ಇರುವ ದೇವರ ಕೋಣೆಗೆ ಕೂಡ. ಬಂದವರು ‘ಏನು, ಕೋಲು ಹಿಡಿದುಬಿಟ್ರಿ?’ ಎಂದರೆ, ‘ಛೆ, ಮಂಗನ ಕಾಟ’ ಎನ್ನುತ್ತಾಳೆ. ನಾವು ಯಾರೂ ಮಾತಾಡುವುದಿಲ್ಲ.

ಈ ಮಳೆಗಾಲಕ್ಕೆ ಅಮ್ಮನಿಗೆ ಎಂಬತ್ತಮೂರು. ನಿನ್ನೆ ಅವಳು ಮಲಗಿದ ಮೇಲೆ ಕೋಲು ತಿರುಗಿಸಿ ನೋಡಿದೆ. ಅಡಿಯ ರಬ್ಬರ್ ಒಂದು ಕಡೆ ಪೂರ್ತಿ ಸವೆದು ಕಬ್ಬಿಣ ಕಾಣುತ್ತಿದೆ. ನಾಳೆ ತೀರ್ಥಹಳ್ಳಿಗೆ ಹೋದಾಗ ಎರಡು ತರಬೇಕು.