ಪಥ್ಯದ ಕಾಕಾ

ಕೊರ್ಲಹಳ್ಳಿಯಲ್ಲಿ ಯಾರಿಗಾದರೂ ಕೆಮ್ಮು ಬಂದರೆ ಆ ಸುದ್ದಿ ಮುಂಡರಗಿಯ ಡಾಕ್ಟರನ್ನು ಮುಟ್ಟುವ ಮೊದಲು ಪಥ್ಯದ ಕಾಕಾನ ಕಟ್ಟೆಗೆ ಮುಟ್ಟುತ್ತದೆ. ಕಾಕಾ ಔಷಧ ಕೊಡುವವರಲ್ಲ. ಔಷಧ ತಪ್ಪಿದರೆ ಕೊಟ್ಟವರ ಕೊರಳಿಗೆ ಬರುತ್ತದೆ, ಪಥ್ಯ ತಪ್ಪಿದರೆ ತಪ್ಪು ಯಾವತ್ತೂ ರೋಗಿಯದೇ. “ಮೊಸರ ತಿಂದಿದ್ದೇನು?” ಎಂದು ಕೇಳುತ್ತಾರೆ. ತಿಂದಿದ್ದರೆ ಅದಕ್ಕೇ ಕೆಮ್ಮು. ತಿಂದಿರದಿದ್ದರೂ ಅದಕ್ಕೇ ಕೆಮ್ಮು.

ಭೂಮಿಯ ಮೇಲೆ ತಿನ್ನಲು ಬರುವುದೆಲ್ಲ ಕಾಕಾನ ಲೆಕ್ಕದಲ್ಲಿ ಉಷ್ಣ, ಶೀತ, ವಾಯು, ನಂಜು ಎಂಬ ನಾಲ್ಕು ಓಣಿಗಳಲ್ಲಿ ವಾಸವಾಗಿದೆ. ಬಾಳೆಹಣ್ಣು ಶೀತ, ಪಪ್ಪಾಯಿ ಉಷ್ಣ, ಕಡಲೆಬೇಳೆ ವಾಯು, ಬದನೆಕಾಯಿ ನಂಜು. ಇದನ್ನೆಲ್ಲ ಅವರು ವಿವರಿಸುವುದು ಬದನೆಕಾಯಿ ಎಣ್ಣೆಗಾಯಿಯೊಳಗೆ ಮೂರನೆಯ ರೊಟ್ಟಿ ಮುರಿದು ಅದ್ದುವಾಗ. ಕೇಳಿದರೆ, “ನಂದು ಪ್ರಕೃತಿನ ಬ್ಯಾರೆ” ಎನ್ನುತ್ತಾರೆ. ಪಥ್ಯ ಹೇಳುವವರ ಪ್ರಕೃತಿ ಎಲ್ಲ ಊರಲ್ಲೂ ಬೇರೆಯೇ ಇರುತ್ತದೆ.

ಹೀಗಿರಲು ಸಂಕ್ರಮಣಕ್ಕೆ ಬೆಂಗಳೂರಿನಿಂದ ಬಂದ, ಕಾಕಾನ ಅಣ್ಣನ ಮಗ ಕಾರಿನಿಂದ ಒಂದು ಗಾಜಿನ ಪೆಟ್ಟಿಗೆ ಇಳಿಸಿದ. ಒಳಗೆ ಹಲ್ಲಿ. ಊರೆಲ್ಲ ಹೊಳೆಗೆ ಜಳಕಕ್ಕೆ ಹೊರಟಿದ್ದು ಅರ್ಧಕ್ಕೇ ನಿಂತಿತು. ಕಾಕಾ ತಲೆಬಾಗಿಲಲ್ಲಿ ನಿಂತು, “ಗ್ವಾಡಿ ಮ್ಯಾಲೆ ಪುಕ್ಕಟೆ ಓಡ್ಯಾಡೂದನ್ನ ರೊಕ್ಕಾ ಕೊಟ್ಟು ತಂದೀಯಲ್ಲೋ!” ಎಂದು ಹಣೆ ಬಡಿದುಕೊಂಡರು.

ಹುಡುಗನಿಗೆ ಸಿಟ್ಟು. ಇದು ಗೋಡೆ ಹಲ್ಲಿಯಲ್ಲ, ಕ್ರೆಸ್ಟೆಡ್ ಗೆಕ್ಕೊ ಎಂದ. ಆಸ್ಟ್ರೇಲಿಯಾದ ಪೂರ್ವಕ್ಕೆ, ಫ್ರೆಂಚರ ಆಡಳಿತದಲ್ಲಿರುವ ನ್ಯೂ ಕ್ಯಾಲೆಡೋನಿಯಾ ದ್ವೀಪದ್ದು. ವಂಶವೇ ಅಳಿಯಿತೆಂದು ಎಲ್ಲರೂ ಕೈಬಿಟ್ಟಿದ್ದರು, 1994ರಲ್ಲಿ ಮತ್ತೆ ಕಣ್ಣಿಗೆ ಬಿತ್ತು. ಕಣ್ಣಿನ ಮೇಲೆ ರೆಪ್ಪೆಗೂದಲಿನಂತೆ ಮುಳ್ಳಿನ ಸಾಲು ಇದೆ, ಮುಚ್ಚುವ ರೆಪ್ಪೆ ಮಾತ್ರ ಇಲ್ಲ. ಅದಕ್ಕೇ ಆಗಾಗ ನಾಲಿಗೆ ಚಾಚಿ ತನ್ನ ಕಣ್ಣನ್ನು ತಾನೇ ನೆಕ್ಕಿ ಒರೆಸಿಕೊಳ್ಳುತ್ತದೆ. ಬಾಲ ಒಮ್ಮೆ ಉದುರಿದರೆ ನಮ್ಮ ಗೋಡೆ ಹಲ್ಲಿಯ ಬಾಲದ ಹಾಗೆ ಮತ್ತೆ ಬೆಳೆಯುವುದಿಲ್ಲ. ಕಾಕಾ ಇಷ್ಟನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: “ಏನ ತಿಂತೈತಿ?”

ಹುಡುಗ ಒಂದು ಪುಡಿ ತೆಗೆದು ನೀರಲ್ಲಿ ಕಲಸಿದ. ಕಾಕಾ ಮೂಸಿ ನೋಡಿ, “ಅಂಬಲಿ!” ಎಂದರು. ಇದರ ಜೊತೆಗೆ ಮಾಗಿದ ಮಾವು, ಅಂಜೂರ, ಪಪ್ಪಾಯಿ ಕೊಡಬಹುದು, ಬಾಳೆಹಣ್ಣು ಅಪರೂಪಕ್ಕೆ ಮಾತ್ರ ಎಂದು ಹುಡುಗ ಹೇಳಿದ. ಬಾಳೆಹಣ್ಣಿನಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ. ಹಲ್ಲಿಯ ಊಟದಲ್ಲಿ ರಂಜಕದ ಎರಡು ಪಟ್ಟು ಸುಣ್ಣದಂಶ ಇರಬೇಕು, ಇಲ್ಲದಿದ್ದರೆ ಎಲುಬು ಮೆತ್ತಗಾಗಿ ದವಡೆ ಸೊಟ್ಟಗಾಗುತ್ತದೆ. ಕಾಕಾ ಈ ವಿವರಣೆಯನ್ನೆಲ್ಲ ಬದಿಗೆ ಸರಿಸಿ ಸಾರ ಹಿಡಿದರು. “ಬಾಳೆಹಣ್ಣು ಆಗೂದಿಲ್ಲ, ಪಪ್ಪಾಯಿ ಆಕ್ಕೈತಿ. ಅಂದ್ರ ಇದರದು ಶೀತ ಪ್ರಕೃತಿ. ಇಷ್ಟ ಹೇಳಾಕ ಬೆಂಗಳೂರ ಬೇಕೇನು?” ಹುಡುಗ ತೆರೆದ ಬಾಯಿ ಮುಚ್ಚಿಕೊಂಡ. ತಪ್ಪು ದಾರಿಯಲ್ಲಿ ನಡೆದು ಸರಿಯಾದ ಊರು ಸೇರಿದವರ ಜೊತೆ ವಾದ ಮಾಡುವುದು ಕಷ್ಟ.

ಇಪ್ಪತ್ತೆಂಟು ಡಿಗ್ರಿ ದಾಟಿದರೆ ಇದು ಸೊರಗುತ್ತದೆ ಎಂದು ಹುಡುಗ ಪೆಟ್ಟಿಗೆಯನ್ನು ನಡುಮನೆಯ ತಂಪಿಗೆ, ನೀರಿನ ಕೊಡದ ಬದಿಗೆ ಇಟ್ಟ. ಶೀತ ಪ್ರಕೃತಿಗೆ ಬಿಸಿಲು ಬೇಕಲ್ಲವೇ ಎಂದು ನಾನು ಕೇಳಿದೆ. “ಒಳಗ ಶೀತ, ಹೊರಗ ಉಷ್ಣ” ಎಂದು ಕಾಕಾ ನನ್ನನ್ನು ಸುಮ್ಮನಾಗಿಸಿದರು.

ಹಣ್ಣು ತಿನ್ನುವ ಹಲ್ಲಿ ಸಾತ್ವಿಕ ಎಂದು ಮಧ್ಯಾಹ್ನದೊಳಗೆ ಊರಿಗೆಲ್ಲ ಸಾರಿದ್ದಾಯಿತು. ಒಮ್ಮೆ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಅದು ಜಿಗಿದು ಕಾಕಾನ ಬೋಳು ತಲೆಯ ಮೇಲೇ ಕುಳಿತಿತು. ಪಂಚಾಂಗದ ಹಿಂದಿನ ಪುಟದಲ್ಲಿ ಹಲ್ಲಿ ಬಿದ್ದ ಫಲ ಹುಡುಕಲು ಹೆಂಗಸರು ಓಡಿದರು. ಕಾಕಾ ಅಲುಗದೆ, “ಪರದೇಶದ ಹಲ್ಲಿಗೆ ನಮ್ಮ ಪಂಚಾಂಗ ಹತ್ತೂದಿಲ್ಲ” ಎಂದರು. ತಮ್ಮ ತಲೆಯ ಮೇಲೆ ಬಿದ್ದಾಗ ಶಾಸ್ತ್ರ ಎಷ್ಟು ಸಡಿಲವಾಗುತ್ತದೆ ನೋಡಿ.

ಸಂಜೆ ಕತ್ತಲಾದ ಮೇಲೆ, ಈ ಜಾತಿ ಏಳುವುದೇ ಆಗ, ಹುಡುಗ ಎರಡನೆಯ ಡಬ್ಬಿ ತೆರೆದ. ಒಳಗೆ ಚಿಮ್ಮಂಡೆ ಹುಳ! ಸಾತ್ವಿಕ ಹಲ್ಲಿ ಮೈ ಅಲ್ಲಾಡಿಸಿ, ಹಾರಿ, ಒಂದನ್ನು ಕಚ್ಚಿ ನುಂಗಿತು. ಕಾಕಾ ಶಿವಶಿವಾ ಎಂದು ಕಣ್ಣು ಮುಚ್ಚಿ, ಒಂದು ಕಣ್ಣು ತೆರೆದು ನೋಡಿದರು. ವಾರಕ್ಕೆ ಒಂದೆರಡು ಸಲ ಹುಳ ಬೇಕು, ಅದರ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ಹುಳ ದೊಡ್ಡದಿರಬಾರದು, ಹುಳಕ್ಕೆ ಕ್ಯಾಲ್ಸಿಯಂ ಪುಡಿ ಸವರಿ ಬಿಡಬೇಕು ಎಂದ ಹುಡುಗ. ಕ್ಯಾಲ್ಸಿಯಂ ಅಂದ ತಕ್ಷಣ ಕಾಕಾ ಎಲೆಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದರು.

“ಬ್ಯಾಡ ಕಾಕಾ! ಅದು ಬಾಯಿ ಸುಡತೈತಿ. ಇದು ಬ್ಯಾರೆ, ಸೀಮೆಸುಣ್ಣದಂಥ ಸಪ್ಪಗಿನ ಪುಡಿ.”

“ನಾ ಐವತ್ತ ವರ್ಷ ತಿಂದೀನಿ, ನನ್ನ ಬಾಯಿ ಸುಟ್ಟೈತೇನು?”

“ಸುಟ್ಟಿದ್ರ ಊರಿಗೆ ಪುಣ್ಯ ಬರ್ತಿತ್ತು” ಎಂದು ಒಳಗಿನಿಂದ ಕಾಕಾನ ಹೆಂಡತಿ, ಕಾಕು.

ಮರುದಿನ ಓಣಿಯ ಹುಡುಗರು ಮೆಣಸಿನಕಾಯಿ ಹೊಲದಿಂದ ಕಡ್ಡಿಪೆಟ್ಟಿಗೆ ತುಂಬ ಮಿಡತೆ ತಂದರು. ಹುಡುಗ ಮುಟ್ಟಗೊಡಲಿಲ್ಲ. ಹೊಲಕ್ಕೆ ಕೀಟನಾಶಕದ ಎಣ್ಣಿ ಹೊಡೆದಿರುತ್ತಾರೆ, ಆ ಮಿಡತೆ ತಿಂದರೆ ಹಲ್ಲಿ ಸಾಯುತ್ತದೆ ಎಂದ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಇದೊಂದೇ ಸಲ ಅವರು ಸುಮ್ಮನಿದ್ದದ್ದು.

“ಅದ ಹೊಲದ ಮೆಣಸಿನಕಾಯಿ ನಾವು ತಿಂತೀವಲ್ಲೋ ತಮ್ಮಾ” ಎಂದರು.

ಇದಕ್ಕೆ ಬೆಂಗಳೂರಿನಲ್ಲೂ ಉತ್ತರ ಇರಲಿಲ್ಲ. ಹುಡುಗ ಮಾತು ತಿರುಗಿಸಿ, ಪೇಟೆಯ ಹುಳವನ್ನೂ ಹಾಗೇ ಹಾಕುವುದಿಲ್ಲ, ಹಿಂದಿನ ದಿನ ಅವಕ್ಕೆ ಗಜ್ಜರಿ, ಸೊಪ್ಪು ತಿನ್ನಿಸಿ ಹೊಟ್ಟೆ ತುಂಬಿಸುತ್ತೇನೆ, ಹುಳ ತಿಂದದ್ದೇ ಹಲ್ಲಿಗೆ ಸೇರುವುದು ಎಂದು ವಿವರಿಸಿದ. ಕಾಕಾನ ಕಣ್ಣು ಅರಳಿದವು. “ಹುಳಕ್ಕೂ ಪಥ್ಯ!” ಇಷ್ಟು ವರ್ಷ ಬರೀ ತಿನ್ನುವವರನ್ನು ಹಿಡಿದು ಕೂತಿದ್ದೆನಲ್ಲ ಎಂಬ ಪಶ್ಚಾತ್ತಾಪ ಮುಖದಲ್ಲಿ ಕಾಣುತ್ತಿತ್ತು.

ಹುಡುಗ ಹಲ್ಲಿಯೊಂದಿಗೆ ಬೆಂಗಳೂರಿಗೆ ಹೋದ. ವಿದ್ಯೆ ಕೊರ್ಲಹಳ್ಳಿಯಲ್ಲೇ ಉಳಿಯಿತು. ಈಗ ಬೆಳಿಗ್ಗೆ ಹಾಲು ಹಾಕಲು ಬಂದವನನ್ನು ಕಾಕಾ ಬಾಗಿಲಲ್ಲೇ ನಿಲ್ಲಿಸಿಕೊಳ್ಳುತ್ತಾರೆ.

“ನಿನ್ನ ಎಮ್ಮಿ ನಿನ್ನೆ ಏನ ತಿಂದಿತ್ತು?”

“ಹತ್ತಿಕಾಳು, ಹೊಟ್ಟು, ಒಂದೀಟು ಹಸಿ ಮೇವು.”

“ಹತ್ತಿಕಾಳು ಉಷ್ಣ. ಅದಕ್ಕ ರಾತ್ರಿಯೆಲ್ಲ ನನಗ ಎದಿ ಉರಿ.”

“ಎದಿ ಉರಿ ಸಂಜಿಮುಂದ ತಿಂದ ಮಿರ್ಚಿಯಿಂದ” ಎಂದರು ಕಾಕು.

“ಮಿರ್ಚಿ ಕರಿದ ಎಣ್ಣಿ ಯಾವ ಶೇಂಗಾದ್ದು, ಆ ಶೇಂಗಾ ಯಾವ ಹೊಲದ್ದು, ಅದನ್ನ ಮದಲ ಕೇಳಬೇಕು” ಎಂದು ಕಾಕಾ ಹಾಲಿನವನ ಕಡೆ ತಿರುಗಿದರು.

ಅವನು ಕ್ಯಾನಿನ ಮುಚ್ಚಳ ಬಿಗಿ ಮಾಡುತ್ತ, “ನಾಳಿಂದ ಎಮ್ಮಿನ್ನ ಹೊಡಕೊಂಡ ಬರ್ತೀನ್ರಿ ಕಾಕಾರ, ಪಥ್ಯ ನೀವ ಅದಕ್ಕ ಹೇಳಿಬಿಡ್ರಿ” ಎಂದು ಗಾಡಿ ಒದ್ದ.